‘ಹಾವು’, ‘ನಾಗ’, ‘ಹುಳ’: ಗಂಜಾಂ ಸೀಮೆಯ ಕನ್ನಡದಲ್ಲಿ ಸರ್ಪವಾಚಕ ಪದಗಳ ಮೂಲ ಮತ್ತು ಅರ್ಥವ್ಯಾಪ್ತಿ

ಸಾರಾಂಶ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಆಡುಮಾತಿನಲ್ಲಿ ಒಂದೇ ಜೀವಿಯನ್ನು ‘ಹಾವು’, ‘ನಾಗ’, ‘ಹುಳ’ ಎಂಬ ಮೂರು ಪದಗಳು ಸೂಚಿಸುತ್ತವೆ. ಮೊದಲನೆಯದು ದ್ರಾವಿಡ ಮೂಲದ ಪ್ರಾಣಿವಾಚಕ, ಎರಡನೆಯದು ಸಂಸ್ಕೃತದಿಂದ ಬಂದ ಪೂಜಾವಾಚಕ, ಮೂರನೆಯದು ಭಯದಿಂದ ಹುಟ್ಟಿದ ಮರೆಮಾತು. ಇವುಗಳ ಧ್ವನಿಚರಿತ್ರೆಯನ್ನೂ ಬಳಕೆಯ ಹಂಚಿಕೆಯನ್ನೂ ವಿವರಿಸಿ, ಮೂರನೆಯ ಪದದ ಸಂದಿಗ್ಧತೆಯು ಹಾವು ಕಡಿತದ ಚಿಕಿತ್ಸೆಗೆ ಹೇಗೆ ಸಂಬಂಧಿಸುತ್ತದೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಪ್ರಮುಖ ಪದಗಳು: ಜ್ಞಾತಿಪದ, ಪಕಾರ–ಹಕಾರ ಪರಿವರ್ತನೆ, ಅರ್ಥಸಂಕೋಚ, ನಿಷಿದ್ಧ ಪದ, ಮಂಡ್ಯ ಸೀಮೆಯ ಕನ್ನಡ

1. ಪ್ರವೇಶ

ಗಂಜಾಂ ಶ್ರೀರಂಗಪಟ್ಟಣ ದ್ವೀಪದ ಪೂರ್ವಭಾಗದಲ್ಲಿದೆ. ಅದರ ಹೆಸರು ಪೇಟೆ, ಉಗ್ರಾಣ ಎಂಬ ಅರ್ಥದ ಪಾರಸಿ ‘ಗಂಜ್’ ಪದಕ್ಕೆ ಸಂಬಂಧಿಸಿದ್ದು. ಹದಿನೆಂಟನೆಯ ಶತಮಾನದಲ್ಲಿ ‘ಶಹರ್ ಗಂಜಾಂ’ ಎಂಬ ಹೆಸರಿನಲ್ಲಿ ಬೆಳೆದ ಈ ಪೇಟೆಗೆ ಶಿರಾದಿಂದ ಸಾವಿರಾರು ಕುಟುಂಬಗಳನ್ನು ಟಿಪ್ಪು ಸುಲ್ತಾನನು ಬಲವಂತವಾಗಿ ಸಾಗಿಸಿದನೆಂದು ಬ್ರಿಟಿಷ್ ಕಾಲದ ಗೆಜೆಟಿಯರುಗಳು ದಾಖಲಿಸಿವೆ. ಪೇಟೆಯ ಸುತ್ತ ಕಾವೇರಿಯ ನೀರಿನಲ್ಲಿ ಬೆಳೆಯುವ ಭತ್ತ ಮತ್ತು ಕಬ್ಬಿನ ಗದ್ದೆಗಳಿವೆ. ಪಶ್ಚಿಮಕ್ಕೆ, ಕೋಟೆಯೊಳಗೆ, ಆದಿಶೇಷನ ಮೇಲೆ ಪವಡಿಸಿದ ರಂಗನಾಥನ ಗುಡಿಯಿದೆ. ಹಾವು ಇಲ್ಲಿ ದಿನನಿತ್ಯದ ಪ್ರಾಣಿಯೂ ಹೌದು, ದಿನನಿತ್ಯದ ದೈವವೂ ಹೌದು.

ಈ ಸೀಮೆಯ ಮಾತನ್ನು ಕೇಳಿದವರಿಗೆ ಒಂದು ಸಂಗತಿ ಬೇಗನೆ ಗೋಚರಿಸುತ್ತದೆ. ಗದ್ದೆಯ ಬದುವಿನಲ್ಲಿ ಹರಿದುಹೋದದ್ದು ‘ಆವು’. ಅರಳಿಕಟ್ಟೆಯ ಮೇಲೆ ಕಲ್ಲಿನಲ್ಲಿ ಹೆಡೆಯೆತ್ತಿ ನಿಂತಿರುವುದು ‘ನಾಗಪ್ಪ’. ರಾತ್ರಿ ನೀರು ಕಟ್ಟಲು ಹೋದವನ ಕಾಲಿಗೆ ಕಚ್ಚಿದ್ದು ‘ಉಳ’. ಮೂರೂ ಒಂದೇ ಜೀವಿಯಾಗಿರಬಹುದು. ಆದರೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ಮಾತು ಕೆಡುತ್ತದೆ. ಇವು ಪರ್ಯಾಯ ಪದಗಳಲ್ಲ, ಜೀವಿಯೊಡನೆ ಮನುಷ್ಯನಿಗಿರುವ ಮೂರು ಬೇರೆ ಬೇರೆ ಸಂಬಂಧಗಳ ಹೆಸರುಗಳು ಎಂಬುದು ನಮ್ಮ ವಾದ. ಇಲ್ಲಿ ನಾವು ಕೊಡುವ ಆಡುಮಾತಿನ ಉದಾಹರಣೆಗಳು ಈ ಭಾಗದಲ್ಲಿ ಸಾಮಾನ್ಯವಾಗಿ ಕೇಳಿಬರುವಂಥವು.

2. ‘ಪಾಂಪು’ವಿನಿಂದ ‘ಆವು’ವರೆಗೆ

‘ಹಾವು’ ಕನ್ನಡದ ಮೂಲ ಪದಸಂಪತ್ತಿಗೆ ಸೇರಿದ್ದು. ಬರೋ ಮತ್ತು ಎಮೆನೋ ಅವರ ದ್ರಾವಿಡ ಜ್ಞಾತಿಪದಕೋಶದಲ್ಲಿ ಇದರ ಬಳಗ ದೊಡ್ಡದು: ತಮಿಳು ಮತ್ತು ಮಲಯಾಳಂ ‘ಪಾಂಪು’ (ಉಚ್ಚಾರದಲ್ಲಿ ‘ಪಾಂಬು’), ಕೊಡವ ‘ಪಾಂಬ್’, ಕೋತ ‘ಪಾಬ್’, ತೊದ ‘ಪೋಬ್’, ತೆಲುಗು ‘ಪಾಮು’, ಕೋಲಾಮಿ ‘ಪಾಮ್’, ಪರ್ಜಿ ‘ಬಾಮ್’. ಹಳಗನ್ನಡದ ರೂಪ ‘ಪಾವು’. ಇವೆಲ್ಲಕ್ಕೂ ಆಧಾರವಾಗಿ ಮೂಲದ್ರಾವಿಡದಲ್ಲಿ ‘ಪಾಂಪು’ ಎಂಬ ರೂಪವನ್ನು ಪುನಾರಚಿಸಲಾಗಿದೆ. ನೆರೆಯ ತುಳುವಿನಲ್ಲಿ ಹಾವಿಗೆ ರೂಢಿಯಲ್ಲಿರುವ ಪದ ‘ಉಚ್ಚು’ ಎಂಬುದು ಇಲ್ಲಿ ಗಮನಾರ್ಹ. ಬಳಗದ ಪದವೊಂದು ಎಲ್ಲ ಭಾಷೆಗಳಲ್ಲೂ ಸಮಾನವಾಗಿ ರೂಢಿಯಲ್ಲಿ ಉಳಿಯುವುದಿಲ್ಲ.

ಮೂಲರೂಪದಿಂದ ಇಂದಿನ ಗಂಜಾಂ ಮಾತಿನವರೆಗೆ ಮೂರು ಧ್ವನಿ ಪರಿವರ್ತನೆಗಳನ್ನು ಗುರುತಿಸಬಹುದು.

ಮೊದಲನೆಯದು ಅನುನಾಸಿಕ ಲೋಪ. ದೀರ್ಘಸ್ವರದ ಮುಂದೆ ಅನುನಾಸಿಕ ಮತ್ತು ಸ್ಪರ್ಶ ಜೊತೆಯಾಗಿ ಬಂದಲ್ಲಿ ಕನ್ನಡವು ಅನುನಾಸಿಕವನ್ನು ಬಿಟ್ಟುಕೊಟ್ಟಿದೆ. ತಮಿಳಿನ ‘ತೂಙ್ಕು’, ‘ನೀಙ್ಕು’, ‘ತೋನ್ಱು’, ‘ಮೂನ್ಱು’ ಎಂಬವುಗಳಿಗೆ ಕನ್ನಡದಲ್ಲಿ ‘ತೂಗು’, ‘ನೀಗು’, ‘ತೋಱು’, ‘ಮೂಱು’ ಎಂಬ ರೂಪಗಳಿವೆ. ಹ್ರಸ್ವಸ್ವರದ ಮುಂದಾದರೆ ಅನುನಾಸಿಕ ಉಳಿಯುತ್ತದೆ: ‘ಅಂಬು’, ‘ಕೊಂಬು’, ‘ನಂಬು’. ಓಷ್ಠ್ಯ ವರ್ಗದಲ್ಲಿ ಅನುನಾಸಿಕ ಹೋದ ಮೇಲೆ ಉಳಿದ ಸ್ಪರ್ಶವು ಸ್ವರಗಳ ನಡುವೆ ಸಡಿಲಗೊಂಡು ವಕಾರವಾಯಿತು. ಈ ನಿಯಮಕ್ಕೆ ‘ಬೇವು’ ಒಳ್ಳೆಯ ಸಾಕ್ಷಿ. ತಮಿಳಿನಲ್ಲಿ ‘ಪಾಂಪು’ ಮತ್ತು ‘ವೇಂಪು’, ತೆಲುಗಿನಲ್ಲಿ ‘ಪಾಮು’ ಮತ್ತು ‘ವೇಮು’, ಕನ್ನಡದಲ್ಲಿ ‘ಪಾವು’ ಮತ್ತು ‘ಬೇವು’. ಮೂರು ಭಾಷೆಗಳಲ್ಲೂ ಎರಡು ಪದಗಳು ಒಂದೇ ದಾರಿಯಲ್ಲಿ ನಡೆದಿವೆ. ‘ನೋಂಪಿ’ ಎಂಬುದು ಈ ನಿಯಮಕ್ಕೆ ಹೊರತಾದಂತೆ ಕಾಣುತ್ತದೆ. ಆದರೆ ಅಲ್ಲಿ ‘ನೋನ್’ ಎಂಬ ಧಾತುವೂ ಅದಕ್ಕೆ ಹತ್ತಿದ ಪ್ರತ್ಯಯವೂ ಸ್ಪಷ್ಟವಾಗಿ ಬೇರೆಯಾಗಿದ್ದವು. ಧಾತುವಿನ ನೆನಪು ನಕಾರವನ್ನು ಕಾಪಾಡಿತೆಂದು ತಿಳಿಯಬಹುದು.

ಎರಡನೆಯದು ಪದಾದಿಯ ಪಕಾರವು ಹಕಾರವಾದದ್ದು. ಸುಮಾರು ಹತ್ತನೆಯ ಶತಮಾನದಿಂದ ಶಾಸನಗಳಲ್ಲಿ ಕಾಣಿಸಿಕೊಳ್ಳುವ ಈ ಬದಲಾವಣೆ ಹದಿನಾಲ್ಕನೆಯ ಶತಮಾನದ ವೇಳೆಗೆ ವ್ಯಾಪಕವಾಯಿತು. ‘ಪಾಲ್’ ‘ಹಾಲು’ ಆಯಿತು, ‘ಪುಲಿ’ ‘ಹುಲಿ’ಯಾಯಿತು, ‘ಪಾವು’ ‘ಹಾವು’ ಆಯಿತು.

ಮೂರನೆಯದು ಆ ಹಕಾರವೂ ಲೋಪವಾದದ್ದು. ಮಂಡ್ಯ ಸೀಮೆಯ ಗ್ರಾಮೀಣ ಮಾತಿನಲ್ಲಿ ‘ಹಾಲು’ ‘ಆಲು’, ‘ಹಸು’ ‘ಅಸು’, ‘ಹಾವು’ ‘ಆವು’. ಶಾಲೆಯಲ್ಲಿ ಇದನ್ನು ತಪ್ಪು ಉಚ್ಚಾರವೆಂದು ತಿದ್ದುವುದುಂಟು. ಭಾಷಾಚರಿತ್ರೆಯ ದೃಷ್ಟಿಯಿಂದ ಇದು ತಪ್ಪಲ್ಲ, ಪಕಾರವನ್ನು ಹಕಾರವಾಗಿಸಿದ ಸಡಿಲಿಕೆಯ ಮುಂದಿನ ಹೆಜ್ಜೆ.

ಈ ಪಯಣದಲ್ಲಿ ಎರಡು ಸ್ಥಾನಪಲ್ಲಟಗಳು ನಡೆದಿವೆ. ‘ಪಾವು’ ಎಂಬ ರೂಪವನ್ನು ಹಾವು ತೆರವು ಮಾಡಿದ ಮೇಲೆ, ಸೇರಿನ ಕಾಲುಭಾಗ ಎಂಬ ಅರ್ಥದ ‘ಪಾವು’ ಆ ಸ್ಥಾನಕ್ಕೆ ಬಂತು. ಸಂಸ್ಕೃತದ ‘ಪಾದ’ವು ಪ್ರಾಕೃತದ ಮೂಲಕ ಉತ್ತರದ ಭಾಷೆಗಳಲ್ಲಿ ‘ಪಾವ್’ ಆಗಿ, ಅಲ್ಲಿಂದ ಕನ್ನಡಕ್ಕೆ ಬಂದ ಪದವಿದು. ‘ಒಂದು ಪಾವು ಅಕ್ಕಿ’ ಎಂಬಲ್ಲಿ ಪಕಾರ ಹಕಾರವಾಗದೆ ಉಳಿದಿರುವುದೇ, ಪರಿವರ್ತನೆಯ ಕಾಲ ಮುಗಿದ ಮೇಲೆ ಈ ಪದ ಬಂದಿತೆಂಬುದನ್ನು ತೋರಿಸುತ್ತದೆ. ಇನ್ನೊಂದು ಪಲ್ಲಟ ‘ಆವು’ವಿನದು. ಹಳಗನ್ನಡದಲ್ಲಿ ‘ಆ’, ‘ಆವು’ ಎಂದರೆ ಹಸು. ಆ ಪದ ಆಡುಮಾತಿನಿಂದ ಮರೆಯಾಗಿ ‘ಹಸು’ ನೆಲೆಗೊಂಡ ಮೇಲೆ, ‘ಆವು’ ಎಂಬ ಉಚ್ಚಾರವು ಹಾವಿಗೆ ಒದಗಿತು. ಹಳೆಯ ಕಾವ್ಯದ ಗೋವಾಚಕ ಇಂದಿನ ಗಂಜಾಂ ರೈತನ ಕಿವಿಗೆ ಸರ್ಪವಾಚಕವಾಗಿ ಕೇಳಿಸುತ್ತದೆ.

ಕಾವೇರಿಯ ಹರಿವಿನುದ್ದಕ್ಕೂ ಈ ಚರಿತ್ರೆಯನ್ನು ಹರಡಿ ನೋಡಬಹುದು. ನದಿ ಹುಟ್ಟುವ ಕೊಡಗಿನಲ್ಲಿ ‘ಪಾಂಬ್’, ಆದಿರಂಗವೆನಿಸಿದ ಶ್ರೀರಂಗಪಟ್ಟಣದ ಸುತ್ತ ‘ಆವು’, ಅಂತ್ಯರಂಗವೆನಿಸಿದ ಶ್ರೀರಂಗದಲ್ಲಿ ಮತ್ತೆ ‘ಪಾಂಬು’. ಮೇಲಿನ ಮತ್ತು ಕೆಳಗಿನ ಊರುಗಳು ಹಳೆಯ ರೂಪಕ್ಕೆ ಸಮೀಪವಾಗಿ ಉಳಿದಿರುವಾಗ ನಡುವಿನ ಕನ್ನಡ ಅತಿ ದೂರ ಸಾಗಿದೆ.

3. ಸಮಾಸದಲ್ಲಿ ಉಳಿದ ಹಳೆಯ ಧ್ವನಿ

ಬಿಡಿಪದದಲ್ಲಿ ಅಳಿದ ಧ್ವನಿ ಸಮಾಸದಲ್ಲಿ ಉಳಿದುಕೊಳ್ಳುವುದುಂಟು. ‘ಹೆಬ್ಬಾವು’ ಇದಕ್ಕೆ ನಿದರ್ಶನ. ‘ಹಾವು’ ಎಂಬ ಇಂದಿನ ರೂಪವನ್ನಷ್ಟೇ ಬಲ್ಲವನಿಗೆ ಇಲ್ಲಿಯ ಬಕಾರ ಎಲ್ಲಿಂದ ಬಂತೆಂದು ಹೇಳಲಾಗದು. ‘ಪೆರ್’ ಎಂದರೆ ಹಿರಿದು. ಅದಕ್ಕೆ ‘ಪಾವು’ ಸೇರಿದಾಗ ಉತ್ತರಪದದ ಆದಿಯ ಕ, ತ, ಪಗಳಿಗೆ ಗ, ದ, ಬಗಳು ಬರುವ ಆದೇಶಸಂಧಿಯಿಂದ ‘ಪೆರ್ಬಾವು’ ಆಗುತ್ತದೆ. ಮುಂದೆ ರಕಾರವು ಬಕಾರದಲ್ಲಿ ಲೀನವಾಗಿ ‘ಪೆಬ್ಬಾವು’, ಆದಿಯ ಪಕಾರ ಹಕಾರವಾಗಿ ‘ಹೆಬ್ಬಾವು’. ಪದಾದಿಯಲ್ಲಿದ್ದ ಪಕಾರ ಹೋಯಿತು, ಪದಮಧ್ಯದಲ್ಲಿ ಬಕಾರವಾಗಿ ಅಡಗಿದ್ದ ಪಕಾರ ಉಳಿಯಿತು. ತಮಿಳು ಮತ್ತು ಮಲಯಾಳಂಗಳ ‘ಪೆರುಂಪಾಂಪು’ ಇದರ ಸಮಾನ ರೂಪ. ‘ಹೆಬ್ಬುಲಿ’ಯೂ ಹೀಗೆಯೇ ಹುಟ್ಟಿದ್ದು.

‘ಕೇರೆ’ ಇನ್ನೊಂದು ದಿಕ್ಕಿನ ಸಾಕ್ಷ್ಯ ಒದಗಿಸುತ್ತದೆ. ಇಲಿ ಹಿಡಿಯಲು ಗದ್ದೆಗಳಲ್ಲೂ ಹಿತ್ತಿಲಲ್ಲೂ ಸುಳಿಯುವ ಈ ವಿಷರಹಿತ ಹಾವಿಗೆ ತಮಿಳಿನಲ್ಲಿ ‘ಚಾರೈ’, ಮಲಯಾಳಂನಲ್ಲಿ ‘ಚೇರ’ ಎಂಬ ಹೆಸರುಗಳಿವೆ. ಇ, ಎ ಸ್ವರಗಳ ಹಿಂದಿನ ಕಕಾರವನ್ನು ಆ ಭಾಷೆಗಳು ಚಕಾರವಾಗಿಸಿದವು. ಕನ್ನಡ ಹಾಗೆಯೇ ಉಳಿಸಿಕೊಂಡಿತು. ಕನ್ನಡದ ‘ಕಿವಿ’ಗೆ ತಮಿಳಿನಲ್ಲಿ ‘ಚೆವಿ’ ಇರುವುದು ಇದೇ ಕಾರಣದಿಂದ. ಹೀಗೆ ‘ಹಾವು’ ಪದದಲ್ಲಿ ತಮಿಳು ಪ್ರಾಚೀನ, ‘ಕೇರೆ’ಯಲ್ಲಿ ಕನ್ನಡ ಪ್ರಾಚೀನ. ಯಾವ ಭಾಷೆ ಹಳತು ಎಂಬ ಜನಪ್ರಿಯ ಚರ್ಚೆಗೆ ಈ ಎರಡು ಪದಗಳೇ ಸಾಕಷ್ಟು ಉತ್ತರ ಹೇಳುತ್ತವೆ: ಪ್ರಾಚೀನತೆ ಧ್ವನಿಧ್ವನಿಗೂ ಬೇರೆ, ಅದು ಭಾಷೆಯೊಂದರ ಒಟ್ಟು ಗುಣವಲ್ಲ.

4. ‘ಸರ್ಪ’ ಮತ್ತು ‘ನಾಗ’

ಸಂಸ್ಕೃತದಿಂದ ಬಂದ ಸರ್ಪವಾಚಕಗಳು ಹಲವು. ಎದೆಯಿಂದ ಚಲಿಸುವುದು ‘ಉರಗ’, ಬಾಗಿ ಚಲಿಸುವುದು ‘ಭುಜಗ’, ಹೆಡೆಯುಳ್ಳದ್ದು ‘ಫಣಿ’, ಕಣ್ಣಿನಿಂದಲೇ ಕೇಳುವುದು ‘ಚಕ್ಷುಶ್ರವ’. ಇವು ಕಾವ್ಯದ ಪದಗಳಾಗಿಯೇ ಉಳಿದವು. ಆಡುಮಾತಿಗೆ ಇಳಿದವು ‘ಸರ್ಪ’ ಮತ್ತು ‘ನಾಗ’.

‘ಸರ್ಪ’ವು ತೆವಳು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದದ್ದು. ಲ್ಯಾಟಿನ್ನಿನ ‘ಸೆರ್ಪೆನ್ಸ್’ ಮತ್ತು ಗ್ರೀಕಿನ ‘ಹೆರ್ಪೈನ್’ ಇದರ ಜ್ಞಾತಿಗಳು. ಗ್ರೀಕಿನ ಆ ಕ್ರಿಯಾಪದದಿಂದಲೇ ವೈದ್ಯಶಾಸ್ತ್ರದ ‘ಹರ್ಪಿಸ್’ ಹುಟ್ಟಿದೆ. ಸೊಂಟದ ಸುತ್ತ ಬೊಕ್ಕೆಗಳೇಳುವ ಆ ರೋಗಕ್ಕೆ ಕನ್ನಡದ ಹೆಸರು ‘ಸರ್ಪಸುತ್ತು’. ವೈದ್ಯರು ಚೀಟಿಯಲ್ಲಿ ಬರೆಯುವ ಪದವೂ ರೋಗಿ ಹೇಳುವ ಪದವೂ ಪರಸ್ಪರ ತಿಳಿಯದ ದಾಯಾದಿಗಳು. ಗಂಜಾಂನ ಉರ್ದು ಮನೆಗಳಲ್ಲಿ ಕೇಳುವ ‘ಸಾಂಪ್’ ಕೂಡ ಪ್ರಾಕೃತದ ‘ಸಪ್ಪ’ದ ಮೂಲಕ ಬಂದ ಸರ್ಪವೇ. ಇದು ‘ಪಾಂಪು’ವಿಗೆ ಹತ್ತಿರವಾಗಿ ಕೇಳಿಸಿದರೂ ಎರಡಕ್ಕೂ ಸಂಬಂಧವಿಲ್ಲ, ಅದರ ಅನುನಾಸಿಕ ತಡವಾಗಿ ಸೇರಿದ್ದು, ಇದರದು ಮೂಲದಲ್ಲಿಯೇ ಇದ್ದದ್ದು. ಕಿವಿಗೆ ಕೇಳುವ ಹೋಲಿಕೆಯಷ್ಟನ್ನೇ ನಂಬಿ ವ್ಯುತ್ಪತ್ತಿ ಹೇಳುವುದರ ಅಪಾಯಕ್ಕೆ ಇದು ಉದಾಹರಣೆ.

‘ನಾಗ’ಕ್ಕೆ ಸಂಸ್ಕೃತದಲ್ಲಿ ಹಾವು, ಆನೆ, ಪಾತಾಳದ ದೇವಯೋನಿ ಎಂಬ ಅರ್ಥಗಳಿವೆ. ಅದರ ವ್ಯುತ್ಪತ್ತಿಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕನ್ನಡದಲ್ಲಿ ಈ ಪದ ಅರ್ಥಸಂಕೋಚಕ್ಕೆ ಒಳಗಾಗಿದೆ: ಹಾವುಗಳಲ್ಲಿ ಹೆಡೆಯುಳ್ಳದ್ದು ಮಾತ್ರ ನಾಗ. ಅದೇ ಹೊತ್ತಿಗೆ ಪೂಜೆಗೆ ಸಂಬಂಧಿಸಿದ ಸಮಸ್ತವೂ ಈ ಪದದ ಪಾಲಾಯಿತು. ‘ನಾಗರಕಲ್ಲು’, ‘ನಾಗರಕಟ್ಟೆ’, ‘ನಾಗರಪಂಚಮಿ’, ‘ನಾಗದೋಷ’ ಎಂಬವುಗಳಲ್ಲಿ ‘ಹಾವು’ ಬರಲಾರದು. ಪ್ರತಿಷ್ಠೆ ಮಾಡಿದ ಕಲ್ಲನ್ನು ಯಾರೂ ‘ಹಾವಿನ ಕಲ್ಲು’ ಎನ್ನುವುದಿಲ್ಲ. ‘ಹಾವಾಡಿಗ’ನದು ಹೊಟ್ಟೆಪಾಡಿನ ಆಟ, ಅಲ್ಲಿ ‘ಹಾವು’ ಸಹಜ. ಎರಡೂ ಸೇರುವ ಒಂದೇ ಸಾಮಾನ್ಯ ಸಮಾಸ ‘ನಾಗರಹಾವು’: ದೈವದ ಕುಲಕ್ಕೆ ಸೇರಿದ ಪ್ರಾಣಿ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ ಚಿತ್ರಕ್ಕೆ ಈ ಸಮಾಸವೇ ಹೆಸರಾದದ್ದು, ರೋಷವೂ ಗೌರವವೂ ಒಂದೇ ಪದದಲ್ಲಿ ಕೂಡಿರುವುದರಿಂದ.

ಈ ಹಂಚಿಕೆಯನ್ನು ಸ್ಪಷ್ಟವಾಗಿ ಕಾಣಿಸುವುದು ಹಾಲೆರೆಯುವ ಕ್ರಿಯೆ. ಷಷ್ಠಿಯ ದಿನ ಹುತ್ತದ ಬಳಿ ಹೆಂಗಸರು ಹಾಲೆರೆಯುವುದು ‘ನಾಗಪ್ಪನಿಗೆ ತನಿ ಎರೆಯುವುದು’, ಅದು ಪುಣ್ಯ. ‘ಹಾವಿಗೆ ಹಾಲೆರೆದ ಹಾಗೆ’ ಎಂದರೆ ಕೃತಘ್ನನಿಗೆ ಮಾಡಿದ ಉಪಕಾರ, ಅದು ಮೂರ್ಖತನ. ಹಾಲೂ ಒಂದೇ, ಹುತ್ತವೂ ಒಂದೇ, ಕುಡಿಯಬೇಕಾದ ಜೀವಿಯೂ ಒಂದೇ. ಹೆಸರು ಬದಲಾದುದರಿಂದ ಕ್ರಿಯೆಯ ಮೌಲ್ಯ ತಿರುಗಿಬಿದ್ದಿದೆ.

ವ್ಯಕ್ತಿನಾಮಗಳಲ್ಲಿಯೂ ಹೀಗೆಯೇ. ನಾಗಣ್ಣ, ನಾಗಮ್ಮ, ನಾಗರಾಜು, ನಾಗೇಗೌಡ, ಶೇಷಪ್ಪ ಎಂಬ ಹೆಸರುಗಳು ಈ ತಾಲ್ಲೂಕುಗಳಲ್ಲಿ ಹೇರಳ. ಜಾನಪದ ಲೋಕವನ್ನು ಕಟ್ಟಿದ ಎಚ್. ಎಲ್. ನಾಗೇಗೌಡರು ನಾಗಮಂಗಲ ತಾಲ್ಲೂಕಿನವರು. ‘ಹಾವಪ್ಪ’ನೆಂಬ ಹೆಸರನ್ನು ಯಾರೂ ಮಗುವಿಗೆ ಇಡುವುದಿಲ್ಲ. ವ್ಯಕ್ತಿನಾಮದ ಈ ಬಳಕೆಯೇ ಸ್ಥಳನಾಮದ ವಿಷಯದಲ್ಲಿ ಎಚ್ಚರಿಕೆಯನ್ನೂ ಬೇಡುತ್ತದೆ. ‘ನಾಗಮಂಗಲ’ವೆಂದರೆ ಹಾವುಗಳ ಊರು ಎಂಬ ವಿವರಣೆ ಸುಲಭವಾಗಿ ಹೊಳೆಯುತ್ತದೆ. ಆದರೆ ‘ಮಂಗಲ’ ಎಂಬುದು ಬ್ರಾಹ್ಮಣರಿಗೆ ದತ್ತಿಯಾಗಿ ಬಂದ ಊರುಗಳಿಗೆ ಹತ್ತುವ ಉತ್ತರಪದ, ಅದರ ಪೂರ್ವಪದ ಹಲವೆಡೆ ದಾನಿಯ ಅಥವಾ ಆಳುವವನ ಹೆಸರು. ಇಲ್ಲಿಯ ‘ನಾಗ’ವೂ ಒಬ್ಬ ವ್ಯಕ್ತಿಯಾಗಿರುವ ಸಾಧ್ಯತೆಯನ್ನು ಬದಿಗಿಟ್ಟು ಹಾವನ್ನು ಕಾಣುವುದು ಅವಸರದ ತೀರ್ಮಾನ.

5. ‘ಹುಳ ಮುಟ್ಟಿತು’

ಮೂರನೆಯ ಪದ ‘ಹುಳ’. ಇದರ ಹಳೆಯ ರೂಪ ‘ಪುೞು’. ತಮಿಳು, ಮಲಯಾಳಂಗಳಲ್ಲಿ ಇಂದಿಗೂ ಅದೇ ರೂಪವಿದೆ, ತೆಲುಗಿನಲ್ಲಿ ‘ಪುರುಗು’, ‘ಪುರುವು’. ‘ಪಾವು’ ನಡೆದ ದಾರಿಯಲ್ಲಿಯೇ ನಡೆದು ಇದು ‘ಹುಳು’, ‘ಹುಳ’, ಗಂಜಾಂ ಮಾತಿನಲ್ಲಿ ‘ಉಳ’ ಆಗಿದೆ.

ಕತ್ತಲಾದ ಮೇಲೆ ‘ಹಾವು’ ಎನ್ನಬಾರದು, ‘ಹುಳ’ ಎನ್ನಬೇಕು ಎಂಬ ಕಟ್ಟಳೆಯನ್ನು ಈ ಸೀಮೆಯ ಹಿರಿಯರು ಮಕ್ಕಳಿಗೆ ಕಲಿಸುತ್ತಾರೆ. ಹೆಸರು ಹೇಳಿದರೆ ಹೆಸರುಳ್ಳದ್ದು ಬರುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ಕಚ್ಚಿದ ಸಂದರ್ಭದಲ್ಲಿ ನಾಮಪದದ ಜೊತೆಗೆ ಕ್ರಿಯಾಪದವೂ ಮರೆಯಾಗುತ್ತದೆ. ‘ಹಾವು ಕಚ್ಚಿತು’ ಎಂಬುದರ ಸ್ಥಾನದಲ್ಲಿ ‘ಉಳ ಮುಟ್ಬುಡ್ತು’ ಎನ್ನುತ್ತಾರೆ. ಕಡಿತವು ಸ್ಪರ್ಶವಾಗುತ್ತದೆ, ಹಾವು ಹುಳವಾಗುತ್ತದೆ. ತಮಿಳಿನಲ್ಲಿಯೂ ‘ಪಾಂಪು ತೀಂಡಿಯದು’, ಅಂದರೆ ಹಾವು ಮುಟ್ಟಿತು, ಎಂಬ ಪ್ರಯೋಗವಿದೆ. ಆದರೆ ಅಲ್ಲಿ ಹಾವಿನ ಹೆಸರು ಉಳಿದಿದೆ. ನಮ್ಮ ಸೀಮೆಯ ಮಾತು ಎರಡನ್ನೂ ಮುಚ್ಚುತ್ತದೆ.

ಇಂಥ ನಿಷೇಧ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಬಂಗಾಳದ ಹಳ್ಳಿಗಳಲ್ಲಿ ರಾತ್ರಿ ಹಾವನ್ನು ‘ಲತಾ’, ಅಂದರೆ ಬಳ್ಳಿ, ಎಂದು ಕರೆಯುವ ರೂಢಿಯಿದೆ. ರಷ್ಯನ್ನಿನ ‘ಜ್ಮೆಯಾ’ ಎಂಬ ಸರ್ಪವಾಚಕವು ನೆಲ ಎಂಬ ಅರ್ಥದ ಪದಕ್ಕೆ ಸಂಬಂಧಿಸಿದ್ದು. ‘ನೆಲದ್ದು’ ಎಂಬ ಮರೆಮಾತು ಕಾಲಕ್ರಮದಲ್ಲಿ ಹಳೆಯ ಹೆಸರನ್ನೇ ಹೊರದೂಡಿತು. ಕನ್ನಡದಲ್ಲಿ ಮರೆಮಾತು ಹೀಗೆ ಮೂಲಪದವನ್ನು ಹೊರದೂಡಿಲ್ಲ. ‘ಹುಳ’ ತನ್ನ ಹಳೆಯ ಅರ್ಥವನ್ನೂ ಉಳಿಸಿಕೊಂಡಿದೆ: ಅಕ್ಕಿಯಲ್ಲಿ ಬೀಳುವುದೂ ಹುಳ, ದೀಪಕ್ಕೆ ಮುತ್ತುವುದೂ ಹುಳ. ‘ಹುಳಹುಪ್ಪಟೆ ಇರ್ತವೆ, ನೋಡ್ಕೊಂಡು ಹೋಗು’ ಎಂದಾಗ ಚೇಳು, ಜರಿ, ಹಾವು ಎಲ್ಲವೂ ಅದರಲ್ಲಿ ಸೇರುತ್ತವೆ. ಊರಿನವರ ನಡುವೆ ದನಿ ಮತ್ತು ಸಂದರ್ಭ ಅರ್ಥವನ್ನು ನಿರ್ಧರಿಸುತ್ತವೆ. ಹೊರಗಿನಿಂದ ಬಂದ ಕೇಳುಗನಿಗೆ ಆ ನೆರವು ಇರುವುದಿಲ್ಲ.

6. ಪದ ಮತ್ತು ಪ್ರಾಣ

ಈ ಸಂದಿಗ್ಧತೆ ಆಸ್ಪತ್ರೆಯಲ್ಲಿ ಅಪಾಯಕಾರಿಯಾಗಬಲ್ಲದು. 2000ರಿಂದ 2019ರ ವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ, ಮೃತಪಟ್ಟಿರುವರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಸತ್ತವರಲ್ಲಿ ಬಹುಪಾಲು ಗ್ರಾಮೀಣರು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಅಧಿಸೂಚಿಸಿತು. ವರದಿ ಮಾಡಬೇಕಾದರೆ ಮೊದಲು ಅದು ಹಾವು ಕಡಿತವೆಂದು ಗುರುತಾಗಬೇಕು. ಗುರುತಿನ ಮೊದಲ ಸಾಧನ ರೋಗಿಯ ಮಾತು.

ಭಾರತದಲ್ಲಿ ತಯಾರಾಗುವ ಪ್ರತಿವಿಷ ನಾಲ್ಕು ಹಾವುಗಳಿಗೆ ಸಂಬಂಧಿಸಿದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಈ ಹೆಸರುಗಳೇ ಒಂದು ವರ್ಗೀಕರಣವನ್ನು ಹೊತ್ತಿವೆ. ಸುಶ್ರುತ ಸಂಹಿತೆಯು ಹಾವುಗಳನ್ನು ಹೆಡೆಯುಳ್ಳ ‘ದರ್ವೀಕರ’, ದುಂಡು ಮಚ್ಚೆಗಳ ‘ಮಂಡಲಿ’, ಪಟ್ಟೆಗಳ ‘ರಾಜಿಮಂತ’ ಎಂದು ವಿಂಗಡಿಸುತ್ತದೆ. ಕನ್ನಡದ ‘ಮಂಡಲ’ ಅಲ್ಲಿಯ ‘ಮಂಡಲಿ’ಯೇ. ‘ಕೊಳಕು’ ಎಂಬ ವಿಶೇಷಣ ‘ಕೊಳೆ’ ಧಾತುವಿಗೆ ಸೇರಿದ್ದು; ಕಚ್ಚಿದ ಭಾಗ ಊದಿ ಕೊಳೆಯುವ ಲಕ್ಷಣವನ್ನು ಅದು ಸೂಚಿಸುತ್ತದೆ. ‘ಕಟ್ಟು’ ಮೈಮೇಲಿನ ಬಿಳಿ ಪಟ್ಟೆಗಳನ್ನು ಹೇಳುತ್ತದೆ. ಹೀಗೆ ‘ಹಾವು’ ಎಂಬ ಪದದೊಡನೆ ಉಪಯುಕ್ತ ಜ್ಞಾನ ಬರುತ್ತದೆ. ‘ಹುಳ’ ಎಂದ ಕೂಡಲೇ ಆ ಜ್ಞಾನವೆಲ್ಲ ಅಳಿಸಿಹೋಗುತ್ತದೆ.

ಕಟ್ಟುಹಾವಿನ ವಿಷಯದಲ್ಲಿ ಇದು ತೀರ ಗಂಭೀರ. ಅದು ರಾತ್ರಿಯ ಹೊತ್ತು ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚು. ನೋವಾಗಲಿ ಊತವಾಗಲಿ ಅಷ್ಟಾಗಿ ಇರುವುದಿಲ್ಲ, ಹಲ್ಲಿನ ಗುರುತೂ ಅಸ್ಪಷ್ಟ. ಬೆಳಗಿನ ಜಾವ ಹೊಟ್ಟೆನೋವು ಬಂದು, ರೆಪ್ಪೆಗಳು ಜೋತು, ಉಸಿರಾಟ ಕುಗ್ಗುತ್ತದೆ. ಅಂಥ ರೋಗಿಯನ್ನು ಕರೆತಂದವರು ‘ಏನೋ ಉಳ ಮುಟ್ಟಿರ್ಬೇಕು’ ಎಂದರೆ, ಈ ಮಾತಿನ ಪರಿಚಯವಿಲ್ಲದ ಕಿರಿಯ ವೈದ್ಯರು ಅದನ್ನು ಕೀಟದ ಕಡಿತವೆಂದು ತಿಳಿಯುವುದು ಅಸಹಜವಲ್ಲ. ಹೇಳಿದವರು ಸುಳ್ಳಾಡಿಲ್ಲ, ಕೇಳಿದವರು ಅಲಕ್ಷ್ಯ ಮಾಡಿಲ್ಲ. ಮಾತು ಮಾತ್ರ ಇಬ್ಬರ ನಡುವೆ ಬೇರೆ ಬೇರೆ ಅರ್ಥದಲ್ಲಿ ನಿಂತಿದೆ.

ಇದಕ್ಕೆ ಪರಿಹಾರ ಮರೆಮಾತನ್ನು ಖಂಡಿಸುವುದಲ್ಲ. ಭಯದ ಗಳಿಗೆಯಲ್ಲಿ ಜನ ರೂಢಿಯ ಮಾತನ್ನೇ ಆಡುತ್ತಾರೆ. ‘ಹುಳ ಮುಟ್ಟಿದೆ’ ಎಂಬುದಕ್ಕೆ ಹಳೆಯ ಮೈಸೂರು ಸೀಮೆಯಲ್ಲಿ ಹಾವು ಕಡಿತವೆಂಬ ಅರ್ಥವೂ ಇದೆ ಎಂಬುದನ್ನು ಆರೋಗ್ಯ ಸಿಬ್ಬಂದಿಯ ತರಬೇತಿಯಲ್ಲಿ ತಿಳಿಸುವುದು, ‘ಎಂಥ ಹುಳ? ಉದ್ದನೆಯದೋ, ಕಾಲುಗಳಿದ್ದದ್ದೋ?’ ಎಂದು ಮರುಪ್ರಶ್ನೆ ಹಾಕುವುದು, ದಾಖಲೆಯಲ್ಲಿ ರೋಗಿಯ ಮಾತನ್ನು ಆಡಿದಂತೆಯೇ ಬರೆಯುವುದು ಸಾಧ್ಯವಾದ ಹೆಜ್ಜೆಗಳು. ಉಪಭಾಷಾ ಅಧ್ಯಯನಕ್ಕೆ ಇದಕ್ಕಿಂತ ನೇರವಾದ ಪ್ರಯೋಜನ ಅಪರೂಪ.

7. ಸಮಾರೋಪ

‘ಹಾವು’ ಒಂದು ಪ್ರಾಚೀನ ದ್ರಾವಿಡ ಪದದ ಕನ್ನಡ ರೂಪ. ಅದು ಅನುನಾಸಿಕವನ್ನು, ಪಕಾರವನ್ನು, ನಮ್ಮ ಸೀಮೆಯಲ್ಲಿ ಹಕಾರವನ್ನೂ ಕಳೆದುಕೊಂಡು ‘ಆವು’ ಆಗಿದೆ. ಧ್ವನಿ ಸವೆದರೂ ಪ್ರಾಣಿವಾಚಕವಾಗಿ ಅದರ ಸ್ಥಾನ ಅಲುಗಿಲ್ಲ. ‘ನಾಗ’ ಪೂಜೆಯ ಭಾಗವನ್ನು ವಹಿಸಿಕೊಂಡಿತು, ‘ಹುಳ’ ಭಯದ ಭಾಗವನ್ನು ವಹಿಸಿಕೊಂಡಿತು. ಮೂರು ಪದಗಳ ಗಡಿಗಳನ್ನು ಗಂಜಾಂನ ಮಕ್ಕಳು ಮಾತು ಕಲಿಯುವಾಗಲೇ ಕಲಿಯುತ್ತಾರೆ. ನಿಘಂಟುಗಳು ಅವನ್ನು ಒಂದೇ ಸಾಲಿನಲ್ಲಿ ಸಮಾನಾರ್ಥಕಗಳಾಗಿ ಪೋಣಿಸಿದಾಗ ಆ ಗಡಿಗಳು ಮರೆಯಾಗುತ್ತವೆ. ಮುಂದಿನ ಉಪಭಾಷಾ ಕೋಶಗಳು ಪದದ ಅರ್ಥದ ಜೊತೆಗೆ ಅದನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳುತ್ತಾರೆ ಎಂಬುದನ್ನೂ ದಾಖಲಿಸಬೇಕೆಂದು ನಾವು ಬಯಸುತ್ತೇವೆ. ‘ಹುಳ’ದಂಥ ಪದಕ್ಕೆ ಆ ಮೂರು ವಿವರಗಳಿಲ್ಲದೆ ಅರ್ಥವೇ ಪೂರ್ಣವಾಗುವುದಿಲ್ಲ.